ನಾನಾನ ಬೆಳ್ಳಿ ಕಡಗ

ದಾವಣಗೆರೆ ಎಂದೊಡನೆ ನೆನಪಾಗುವುದು ಬೆಣ್ಣೆದೋಸೆ ಮತ್ತು ಮಂಡಕ್ಕಿ-ಮೆಣಸಿನಕಾಯಿ. ಸ್ವಲ್ಪ ಹಿರಿಯರಾದರೆ ಹತ್ತಿ ಗಿರಣಿಗಳ ಮಾತೆತ್ತುತ್ತಾರೆ. ಈ ಊರಿಗೆ ಇನ್ನೂ ಒಂದು ಗುರುತಿದೆ. ಅದು ಕುಸ್ತಿ. ಹಲವು ವರ್ಷಗಳಿಂದ ಇಲ್ಲಿ ಪಾಠ ಹೇಳುತ್ತಿದ್ದರೂ ನಾನು ಅದರ ಕಡೆ ಕಣ್ಣೆತ್ತಿ ನೋಡಿರಲಿಲ್ಲ. ನೋಡುವಂತೆ ಮಾಡಿದ್ದು ಒಬ್ಬ ತಾಯಿಯ ಪ್ರಶ್ನೆ.

ಆಕೆಯ ಮನೆ ಮಂಡಕ್ಕಿ ಭಟ್ಟಿಯ ಕಡೆ. ಗಂಡ ಭಟ್ಟಿಯಲ್ಲಿ ಬೆಂಕಿಯ ಮುಂದೆ ದುಡಿಯುವವರು. ಮಗಳು ಎಂಟನೇ ತರಗತಿ. ಮೈದಾನದಲ್ಲಿ ಅವಳ ಚುರುಕು ಕಂಡ ದೈಹಿಕ ಶಿಕ್ಷಣ ಶಿಕ್ಷಕಿ, "ಇವಳಿಗೆ ಕುಸ್ತಿ ಕಲಿಸಿ, ಮುಂದೆ ಬರುತ್ತಾಳೆ" ಎಂದಿದ್ದರು. ತಾಯಿ ನೇರ ನನ್ನ ಮನೆಗೆ ಬಂದರು.

"ಆಪಾ, ನೀವು ಮದರಸಾದಲ್ಲೂ ಓದಿದವರು, ಬಿ.ಎ.ನೂ ಮಾಡಿದವರು. ನೀವೇ ಹೇಳಿ, ಇದು ನಮಗೆ ಸರಿನಾ? ನೀವು ಬೇಡ ಅಂದ್ರೆ ಅವಳು ಕೇಳ್ತಾಳೆ."

'ಬೇಡ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಕೆಲವು ವರ್ಷಗಳ ಹಿಂದೆ ಓಟದಲ್ಲಿ ಮುಂದಿದ್ದ ಒಬ್ಬ ಹುಡುಗಿಯ ತಾಯಿಗೆ ಇದೇ ಮಾತು ಹೇಳಿದ್ದೆ. ಏನನ್ನೂ ವಿಚಾರಿಸದೆ, ಹೋಗಿ ನೋಡದೆ ಹೇಳಿದ್ದೆ. ಆ ಹುಡುಗಿ ಓಟ ಬಿಟ್ಟಳು. ಮೆಲ್ಲಗೆ ಶಾಲೆಯ ಮೇಲಿನ ಆಸೆಯನ್ನೂ ಬಿಟ್ಟಳು. ಹತ್ತನೇ ತರಗತಿ ಮುಗಿಸಲಿಲ್ಲ. ಎಲ್ಲಕ್ಕೂ ನನ್ನ ಮಾತೇ ಕಾರಣ ಎನ್ನಲಾರೆ. ಆದರೆ ಅದರಲ್ಲಿ ನನ್ನ ಪಾಲೂ ಇತ್ತು.

"ಮೊದಲು ನೋಡಿ ಬರೋಣ" ಎಂದೆ. ಹುಡುಗಿಯ ನಾನಾ, ಅಂದರೆ ತಾಯಿಯ ತಂದೆ, ಹರಿಹರದಲ್ಲಿದ್ದಾರೆ. ಹಳೆಯ ಪೈಲ್ವಾನರು. ಅವರು ಖಂಡಿತ ಬೇಡ ಎನ್ನುತ್ತಾರೆ ಎಂಬ ಭರವಸೆ ಆ ತಾಯಿಗಿತ್ತು.

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಬಸ್ಸಿನಲ್ಲಿ ಕೂತು ಮಾತು ಮುಗಿಯುವುದರೊಳಗೆ ಊರು ಬಂದುಬಿಡುತ್ತದೆ. ತುಂಗಭದ್ರೆಯ ದಡದ ಈ ಊರಿನಲ್ಲಿ ಹೊಯ್ಸಳರ ಕಾಲದಲ್ಲಿ, 1224ರಲ್ಲಿ ಕಟ್ಟಿದ ಹರಿಹರೇಶ್ವರ ದೇವಾಲಯವಿದೆ. ಹೊಳೆಯಾಚೆ ಕುಮಾರಪಟ್ಟಣದ ಕಾರ್ಖಾನೆಯ ಚಿಮಣಿಗಳು ಕಾಣುತ್ತವೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದೆಲ್ಲೆಡೆ ಹೋಗುತ್ತಿದ್ದವು. ಆ ಕಾರ್ಖಾನೆ ಈಗಿಲ್ಲ. ಅದರ ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿದೆ.

ನಾನಾ ನಮಗಾಗಿ ಬಾಗಿಲಲ್ಲೇ ಕಾದಿದ್ದರು. ಎಪ್ಪತ್ತು ದಾಟಿದರೂ ಬೆನ್ನು ಬಾಗಿಲ್ಲ. ಕಿವಿಗಳು ಮಾತ್ರ ಮುದುಡಿ ಗಂಟಾಗಿವೆ. ಎದುರಾಳಿಯ ತಲೆಗೆ ಕಿವಿ ಉಜ್ಜಿ ಉಜ್ಜಿ ಹಾಗಾಗುತ್ತದಂತೆ. ಚಹಾ ಕುಡಿದ ಮೇಲೆ ತಾವು ಹಿಂದೆ ಸಾಮು ಮಾಡುತ್ತಿದ್ದ ಗರಡಿ ಮನೆಗೆ ಕರೆದೊಯ್ದರು. ಮಧ್ಯಾಹ್ನವಾದ್ದರಿಂದ ಅಲ್ಲಿ ಯಾರೂ ಇರಲಿಲ್ಲ. ತಗ್ಗಾದ ಬಾಗಿಲು. ತಲೆ ಬಗ್ಗಿಸದೆ ಒಳಹೋಗುವಂತಿಲ್ಲ. ಒಳಗೆ ಕೆಮ್ಮಣ್ಣಿನ ಅಖಾಡ, ಗೋಡೆಗೆ ಒರಗಿಸಿದ ಗದೆಗಳು. ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೆರೆಸಿ ಹದ ಮಾಡುತ್ತಾರೆ. ಬಿದ್ದರೆ ಪೆಟ್ಟಾಗಬಾರದು, ತರಚಿದರೆ ಕೀವಾಗಬಾರದು.

"ನಮ್ಮ ಉಸ್ತಾದರು ಲಿಂಗಾಯತರು. ಅವರಿಗೆ ಕಲಿಸಿದವರು ಮುಸಲ್ಮಾನರು" ಎಂದರು ನಾನಾ. "ಅವರು ತಮ್ಮ ದೇವರಿಗೆ ಕೈಮುಗಿದು ಇಳಿಯೋರು, ನಾವು ಬಿಸ್ಮಿಲ್ಲಾ ಹೇಳಿ ಇಳಿಯೋರು. ಒಳಗೆ ಬಂದ ಮೇಲೆ ಯಾರ ಮೈಗೆ ಹತ್ತಿದ ಮಣ್ಣೂ ಒಂದೇ ಬಣ್ಣ."

ಕುಸ್ತಿ ಇಲ್ಲಿ ಬೇರು ಬಿಟ್ಟದ್ದಕ್ಕೆ ಕಾರಣಗಳಿವೆ. ದಕ್ಷಿಣಕ್ಕೆ ಮೈಸೂರು, ಅಲ್ಲಿ ಅರಮನೆಯ ಆಶ್ರಯ ಮತ್ತು ದಸರಾ ಕುಸ್ತಿ. ಉತ್ತರಕ್ಕೆ ಕೊಲ್ಲಾಪುರ, ಅಲ್ಲಿ ಶಾಹು ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನ. ಎರಡರ ನಡುವೆ ಹಾದಿಯ ಮೇಲೆ ನಮ್ಮ ಊರುಗಳು. ದಾವಣಗೆರೆ ವ್ಯಾಪಾರದ ಪೇಟೆ. ಹೈದರಲಿ ಇದನ್ನು ಅಪ್ಪೋಜಿ ರಾವ್ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ. ಆತ ವರ್ತಕರನ್ನು ಕರೆಸಿ ನೆಲೆಗೊಳಿಸಿದ. ಹತ್ತಿ ಬಂತು, ಗಿರಣಿ ಬಂತು, ಮೂಟೆ ಹೊರುವ ಗಟ್ಟಿ ತೋಳುಗಳೂ ಬಂದವು. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯ ಬಯಲು ಜಂಗಿ ಕುಸ್ತಿಗೆ ದೂರದೂರದ ಪೈಲ್ವಾನರು ಬರುತ್ತಾರೆ. ಗೆದ್ದವರಿಗೆ ಬೆಳ್ಳಿ ಗದೆ, ಬೆಳ್ಳಿ ಕಡಗ.

ಆಮೇಲೆ ಗಿರಣಿಗಳು ಮುಚ್ಚಿದವು. ಹಾಲು, ಬಾದಾಮಿ, ತುಪ್ಪದ ಬೆಲೆ ಏರಿತು. "ಪೈಲ್ವಾನನನ್ನು ಸಾಕೋದು ಆನೆ ಸಾಕಿದ ಹಾಗೆ ಬೇಟಿ" ಎಂದು ನಾನಾ ನಕ್ಕರು. ಮಣ್ಣಿನ ಕುಸ್ತಿ ಬಡವಾಯಿತು, ಮ್ಯಾಟ್ ಮೇಲಿನ ಕುಸ್ತಿ ಬೆಳೆಯಿತು. ದಾವಣಗೆರೆಯ ಸರಕಾರಿ ಕ್ರೀಡಾ ನಿಲಯದಲ್ಲಿ ಪಳಗಿದ ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ 2020ರಲ್ಲಿ ದೆಹಲಿಯ ಏಷ್ಯನ್ ಕುಸ್ತಿ ಚಾಂಪಿಯನ್‌ಶಿಪ್‌ನಲ್ಲಿ 55 ಕೆ.ಜಿ. ಗ್ರೀಕೋ-ರೋಮನ್ ವಿಭಾಗದ ಕಂಚು ಗೆದ್ದರು. ಆ ಬಗೆಯ ಕುಸ್ತಿಯಲ್ಲಿ ಸೊಂಟದ ಕೆಳಗೆ ಹಿಡಿಯುವಂತಿಲ್ಲ.

ಇಷ್ಟು ಹೊತ್ತು ಸುಮ್ಮನಿದ್ದ ಹುಡುಗಿ ಕೇಳಿದಳು: "ನಾನಾ, ಹೆಣ್ಣುಮಕ್ಕಳು ಯಾರೂ ಆಡಲಿಲ್ವಾ?"

ಉತ್ತರ ನನಗೆ ಗೊತ್ತಿತ್ತು. ಹಮೀದಾ ಬಾನು ಎಂಬ ಹೆಣ್ಣುಮಗಳು ಉತ್ತರ ಪ್ರದೇಶದಲ್ಲಿ ಹುಟ್ಟಿ, ಅಲೀಗಢದಲ್ಲಿ ಪಳಗಿ, 1940 ಮತ್ತು 50ರ ದಶಕಗಳಲ್ಲಿ ಗಂಡಸರೊಡನೆ ಕುಸ್ತಿಯಾಡಿದರು. 1954ರಲ್ಲಿ ವಡೋದರಾದಲ್ಲಿ ಬಾಬಾ ಪೈಲ್ವಾನರನ್ನು 1 ನಿಮಿಷ 34 ಸೆಕೆಂಡಿನಲ್ಲಿ ಚಿತ್ ಮಾಡಿದರು. ಕೊನೆಗಾಲ ಮಾತ್ರ ಕಷ್ಟದ್ದು. ಹಾಲು ಮಾರಿ ಬದುಕಿದರಂತೆ. ಹಮೀದಾ ಆಡಿದ ರೀತಿಯನ್ನೆಲ್ಲ ನಾವು ಒಪ್ಪಬೇಕಿಲ್ಲ. ಆದರೆ ಮುಸ್ಲಿಮ್ ಹೆಣ್ಣುಮಗಳಿಗೆ ಇದು ಹೊಸ ಮಾತೇನಲ್ಲ ಎಂಬುದು ನಿಜ.

ಪ್ರತಿ ನಾಡೂ ತನಗೆ ಸಿಕ್ಕ ನೆಲದಲ್ಲೇ ತನ್ನ ಆಟ ಕಂಡುಕೊಳ್ಳುತ್ತದೆ. ಅಮೆರಿಕದ ಚಳಿನಾಡಿನ ಹಳ್ಳಿಗಳಲ್ಲಿ ಕೆರೆ ಹೆಪ್ಪುಗಟ್ಟಿದರೆ ಮಕ್ಕಳು ಅದರ ಮೇಲೆ ಐಸ್ ಹಾಕಿ ಆಡುತ್ತಾರೆ. ನಮ್ಮ ಲಡಾಖಿನಲ್ಲೂ ಹಾಗೆಯೇ. ಲೇಹ್‌ನ ನೂರ್ ಜಹಾನ್ ಭಾರತದ ಮಹಿಳಾ ಐಸ್ ಹಾಕಿ ತಂಡದ ಗೋಲ್‌ಕೀಪರ್ ಆಗಿ ಆಡಿದವರು. ಹಳೆಯ ಭಿತ್ತಿಚಿತ್ರಗಳನ್ನು ಕಾಪಾಡುವ ಕೆಲಸವನ್ನೂ ಮಾಡುತ್ತಾರೆ. ಅವರಿಗೆ ಹಿಮ ಸಿಕ್ಕಿತು, ನಮಗೆ ಕೆಮ್ಮಣ್ಣು.

ನಮ್ಮ ದೀನ್ ಆಟಕ್ಕೆ ವಿರೋಧಿಯಲ್ಲ. ಮಕ್ಕಾದ ಹೆಸರಾಂತ ಜಟ್ಟಿ ರುಕಾನಾರನ್ನು ಪ್ರವಾದಿವರ್ಯರು(ಸ) ಕುಸ್ತಿಯಲ್ಲಿ ಕೆಡವಿದ ವಿಷಯ ಹದೀಸ್ ಗ್ರಂಥಗಳಲ್ಲಿದೆ. ಹ. ಆಯಿಶಾರೊಡನೆ(ರ) ಅವರು ಓಟದ ಪಂದ್ಯ ಕಟ್ಟಿದರು. ಒಮ್ಮೆ ಆಯಿಶಾ(ರ) ಗೆದ್ದರು, ಮತ್ತೊಮ್ಮೆ ಪ್ರವಾದಿವರ್ಯರು(ಸ) ಗೆದ್ದರು. ಎದುರಾಳಿಯನ್ನು ಕೆಡವುವವನಲ್ಲ, ಕೋಪ ಬಂದಾಗ ತನ್ನನ್ನು ಹಿಡಿದಿಟ್ಟುಕೊಳ್ಳುವವನೇ ನಿಜವಾದ ಬಲಶಾಲಿ ಎಂದೂ ಅವರು ಕಲಿಸಿದರು. ಗರಡಿಯ ತಗ್ಗು ಬಾಗಿಲು ಹೇಳುವುದೂ ಅದನ್ನೇ ಅಲ್ಲವೇ?

ಆದರೂ ತಾಯಿಯ ಭಯ ಸುಳ್ಳಲ್ಲ. ಮೈಗಂಟುವ ಉಡುಪು, ಪರಊರಿನ ಪಂದ್ಯ, ಗಂಡಸು ತರಬೇತುದಾರರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಸಾಕ್ಷಿ ಮಲಿಕ್ ಅಂಥವರೇ 2023ರಲ್ಲಿ ಲೈಂಗಿಕ ಕಿರುಕುಳದ ದೂರು ಹಿಡಿದು ದೆಹಲಿಯ ಬೀದಿಯಲ್ಲಿ ಕೂರಬೇಕಾಯಿತು. ಇದನ್ನು ಮುಚ್ಚಿಟ್ಟು 'ಕಳಿಸಿ' ಎನ್ನುವುದು ಕೂಡ, ನೋಡದೆ 'ಬೇಡ' ಎನ್ನುವಷ್ಟೇ ತಪ್ಪು.

ಮನೆಗೆ ಮರಳಿದ ಮೇಲೆ ತಾಯಿ ನಾನಾನ ಮುಖ ನೋಡಿದರು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ಆ ಗರಡಿಗೆ ಇವಳನ್ನು ಬಿಡಲ್ಲ, ಅಲ್ಲಿ ಬರೋರೆಲ್ಲ ಗಂಡಸರು. ಆದರೆ ಈ ಅಂಗಳ ನನ್ನದು. ಮೂರು ಗಂಡುಮಕ್ಕಳಿಗೆ ಕಲಿಸಿದೆ, ಒಬ್ಬನೂ ಮುಂದುವರಿಸಲಿಲ್ಲ. ಕೇಳಿಕೊಂಡು ಬಂದವಳು ಇವಳೊಬ್ಬಳೇ."

ಒಳಗೆ ಹೋಗಿ ಟ್ರಂಕಿನಿಂದ ಒಂದು ಬೆಳ್ಳಿ ಕಡಗ ತಂದರು. ಯಾವುದೋ ಜಾತ್ರೆಯಲ್ಲಿ ಗೆದ್ದದ್ದು. ಹುಡುಗಿ ಕೈಗೆ ಹಾಕಿಕೊಂಡಳು. ಅದು ಜಾರಿ ಮೊಣಕೈವರೆಗೆ ಹೋಯಿತು. ಎಲ್ಲರೂ ನಕ್ಕೆವು. ತಾಯಿಯೂ ನಕ್ಕರು, ಕಣ್ಣೊರೆಸಿಕೊಂಡರು.

ಮರಳುವ ಬಸ್ಸಿನಲ್ಲಿ ನಾವಿಬ್ಬರೂ ಕೂತು ಪ್ರಶ್ನೆಗಳ ಪಟ್ಟಿ ಮಾಡಿದೆವು. ಕಲಿಸುವವರು ಹೆಂಗಸರೇ? ಪೂರ್ತಿ ಮೈ ಮುಚ್ಚುವ ಉಡುಪಿಗೆ ಅವಕಾಶವಿದೆಯೇ? ಪರಊರಿಗೆ ಹೋದರೆ ಜೊತೆಗೆ ಯಾರು? ನಮಾಝ್ ಮತ್ತು ಓದಿಗೆ ಸಮಯವೆಲ್ಲಿ? ದೂರಿದ್ದರೆ ಯಾರಲ್ಲಿ ಹೇಳಬೇಕು? ಉತ್ತರ ಸಮಾಧಾನ ತಂದರೆ ಮುಂದಿನ ಹೆಜ್ಜೆ. ತರದಿದ್ದರೆ ನಾನಾನ ಅಂಗಳವಂತೂ ಇದ್ದೇ ಇದೆ.

ಸಹೋದರಿಯರೇ, ನಿಮ್ಮ ಮಗಳೂ ಒಂದು ದಿನ ಇಂಥದೇ ಆಸೆ ಹೊತ್ತು ಬರಬಹುದು. ಉತ್ತರ ಹೇಳುವ ಮುಂಚೆ ಅವಳ ಕೈ ಹಿಡಿದು ಆ ಜಾಗಕ್ಕೊಮ್ಮೆ ಹೋಗಿ ನೋಡಿ ಬನ್ನಿ. ಈಗ ಆ ಹುಡುಗಿ ಪ್ರತಿ ಭಾನುವಾರ ತಾಯಿಯೊಡನೆ ಹರಿಹರಕ್ಕೆ ಹೋಗಿ ಬಸ್ಕಿ, ದಂಡ ಹೊಡೆಯುತ್ತಾಳೆ. ಶಾಲೆಯನ್ನು ಒಂದು ದಿನವೂ ತಪ್ಪಿಸಿಲ್ಲ. ಕಡಗ ಇನ್ನೂ ಅವಳ ಕೈಗೆ ಸಡಿಲವೇ.