ಡಾಲ್‌ಸ್ಟನ್ ಜಂಕ್ಷನ್: ಜೀರ್ಣೋದ್ಧಾರವಾದ ಒಂದು ನಿಲ್ದಾಣ

ಲಂಡನ್ ಪಟ್ಟಣವನ್ನು ನೋಡಿಬಂದವರು ಅಲ್ಲಿಯ ಅರಮನೆ, ವಸ್ತುಸಂಗ್ರಹಾಲಯ, ಗೋಪುರದ ಸೇತುವೆ, ಪಾರ್ಲಿಮೆಂಟಿನ ಗಡಿಯಾರ ಮೊದಲಾದವನ್ನು ಕುರಿತು ಬರೆಯುವುದು ವಾಡಿಕೆ. ಅವನ್ನು ನಾನೂ ನೋಡಿದೆನು, ನೋಡಿ ಸಂತೋಷಪಟ್ಟೆನು. ಆದರೆ ಆ ವರ್ಣನೆಗಳು ವಾಚಕರಿಗೆ ಈಗಾಗಲೇ ಬೇಕಾದಷ್ಟು ದೊರೆತಿರುವುದರಿಂದ, ಯಾತ್ರಿಕರು ಸಾಮಾನ್ಯವಾಗಿ ಕಣ್ಣೆತ್ತಿಯೂ ನೋಡದ ಒಂದು ಸ್ಥಳದ ವಿಚಾರವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅದು ನಗರದ ಈಶಾನ್ಯ ಭಾಗದಲ್ಲಿ, ಹ್ಯಾಕ್ನಿ ಎಂಬ ವಿಭಾಗಕ್ಕೆ ಸೇರಿದ, ಡಾಲ್‌ಸ್ಟನ್ ಜಂಕ್ಷನ್ ಎಂಬ ರೈಲು ನಿಲ್ದಾಣ. ಮಗಳ ಸಂಸಾರವು ಅದರ ಸಮೀಪದಲ್ಲಿಯೇ ಇದ್ದುದರಿಂದ, ಒಂದು ಬೇಸಗೆಯ ಮೂರು ತಿಂಗಳು ದಿನಕ್ಕೊಂದು ಬಾರಿಯಾದರೂ ಅದರ ಬಾಗಿಲನ್ನು ಹಾದುಹೋಗುವ ಯೋಗ ನನಗೆ ಒದಗಿತ್ತು.

ನಮ್ಮ ನಾಡಿನ ಹಳೆಯ ಶಾಸನಗಳನ್ನು ಓದಿದವರಿಗೆ “ಖಂಡಸ್ಫುಟಿತ ಜೀರ್ಣೋದ್ಧಾರ” ಎಂಬ ಮಾತು ಪರಿಚಿತವಾಗಿರುವುದು. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು, ಜೀರ್ಣವೆಂದರೆ ಕಾಲವಶದಿಂದ ಸವೆದದ್ದು. ದೇವಾಲಯಕ್ಕೆ ಭೂಮಿಯನ್ನು ದತ್ತಿಯಾಗಿ ಬಿಟ್ಟ ಪೂರ್ವಿಕರು, ಪೂಜೆ ನೈವೇದ್ಯಗಳಿಗೆ ಇಷ್ಟೆಂದು ಹೇಳುವಾಗಲೇ, ಮುಂದೆ ಕಟ್ಟಡವು ಶಿಥಿಲವಾದಾಗ ಅದನ್ನು ಎತ್ತಿ ನಿಲ್ಲಿಸುವುದಕ್ಕೂ ಉತ್ಪತ್ತಿಯಲ್ಲಿ ಪಾಲನ್ನು ಗೊತ್ತುಮಾಡುತ್ತಿದ್ದರು. ಕಟ್ಟಿದ್ದೆಲ್ಲವೂ ಒಂದು ದಿನ ಬೀಳುವುದೆಂಬ ಅರಿವೂ, ಬಿದ್ದದ್ದನ್ನು ಮತ್ತೆ ಎತ್ತುವವರು ಬರುವರೆಂಬ ನಂಬಿಕೆಯೂ ಆ ಒಂದು ಮಾತಿನಲ್ಲಿ ಅಡಗಿವೆ. ದೇವಾಲಯಕ್ಕೆ ಹೇಳಿದ ಈ ಮಾತು ರೈಲು ನಿಲ್ದಾಣಕ್ಕೂ ಹೊಂದುವುದೆಂಬುದನ್ನು ನಾನು ಡಾಲ್‌ಸ್ಟನ್ನಿನಲ್ಲಿ ಕಂಡೆನು.

ಈ ನಿಲ್ದಾಣವು ಮೊದಲು ತೆರೆದದ್ದು ೧೮೬೫ನೆಯ ಇಸವಿ ನವೆಂಬರ್ ೧ರಂದು. ಉತ್ತರ ಲಂಡನ್ ರೈಲ್ವೆ ಎಂಬ ಕಂಪನಿಯು, ವ್ಯಾಪಾರಸ್ಥಾನವಾದ ನಡುನಗರದ ಬ್ರಾಡ್ ಸ್ಟ್ರೀಟ್ ಎಂಬ ತುದಿನಿಲ್ದಾಣಕ್ಕೆ ಹೊಸ ಹಾದಿಯನ್ನು ಹಾಕಿಸಿತು. ಮನೆಗಳ ಮಾಡುಗಳ ಸಮಕ್ಕೆ ಇಟ್ಟಿಗೆಯ ಕಮಾನುಗಳ ಸಾಲನ್ನು ಕಟ್ಟಿ, ಅದರ ಮೇಲೆ ಹಳಿಯನ್ನು ಹಾಸಿದರು. ಕಚೇರಿಗಳ ಗುಮಾಸ್ತರು ಬೆಳಗ್ಗೆ ಈ ಹಾದಿಯಲ್ಲಿ ಹೋಗಿ ಸಂಜೆಗೆ ಮರಳುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬ್ರಾಡ್ ಸ್ಟ್ರೀಟು ಲಂಡನ್ನಿನ ಅತ್ಯಂತ ಜನನಿಬಿಡವಾದ ನಿಲ್ದಾಣಗಳಲ್ಲಿ ಒಂದಾಗಿತ್ತು.

ಆ ಮೇಲೆ ವಿದ್ಯುತ್ತಿನ ಟ್ರಾಮುಗಳು ಬಂದವು. ನೆಲದಡಿಯ ರೈಲುಗಳೂ ಮೋಟಾರು ಬಸ್ಸುಗಳೂ ಬಂದವು. ಪ್ರಯಾಣಿಕರು ಒಬ್ಬೊಬ್ಬರಾಗಿ ಅತ್ತ ತಿರುಗಿದರು. ೧೯೪೦ರಲ್ಲಿ, ಯುದ್ಧಕಾಲದಲ್ಲಿ, ಈ ಹಾದಿಯ ಶೋರ್ಡಿಚ್ ಮತ್ತು ಹ್ಯಾಗರ್‌ಸ್ಟನ್ ನಿಲ್ದಾಣಗಳು ಮುಚ್ಚಿದವು. ೧೯೮೩ರಲ್ಲಿ ಪೂರ್ವ ಪಶ್ಚಿಮವಾಗಿ ಹೋಗುವ ಬೇರೊಂದು ಹಾದಿಯ ಮೇಲೆ, ಕೂಗಳತೆಯ ದೂರದಲ್ಲಿ, ಡಾಲ್‌ಸ್ಟನ್ ಕಿಂಗ್ಸ್‌ಲ್ಯಾಂಡ್ ಎಂಬ ನಿಲ್ದಾಣವನ್ನು ತೆರೆದರು. ೧೯೮೬ರ ಜೂನ್ ತಿಂಗಳ ಕೊನೆಗೆ ಡಾಲ್‌ಸ್ಟನ್ ಜಂಕ್ಷನ್ನೂ ಬ್ರಾಡ್ ಸ್ಟ್ರೀಟೂ ಒಟ್ಟಿಗೆ ಮುಚ್ಚಿಹೋದವು. ಬ್ರಾಡ್ ಸ್ಟ್ರೀಟನ್ನು ಕೆಡವಿ, ಆ ಬೆಲೆಬಾಳುವ ನೆಲದ ಮೇಲೆ ದೊಡ್ಡ ದೊಡ್ಡ ಕಚೇರಿಗಳನ್ನು ಕಟ್ಟಿದರು. ಡಾಲ್‌ಸ್ಟನ್ನಿನಲ್ಲಿ ಹಳಿಗಳನ್ನು ಕಿತ್ತರು. ತಗ್ಗಿನಲ್ಲಿದ್ದ ನಿಲ್ದಾಣದೊಳಗೆ ಗಿಡಗಂಟಿಗಳು ಬೆಳೆದವು. ಆದರೆ ಇಟ್ಟಿಗೆಯ ಕಮಾನುಗಳನ್ನು ಮಾತ್ರ ಕೆಡವಲಿಲ್ಲ. ಮೇಲೆ ಏನೂ ಓಡದೆ ಅವು ಇಪ್ಪತ್ತನಾಲ್ಕು ವರ್ಷ ಹಾಗೆಯೇ ನಿಂತಿದ್ದವು. ಮುಂದೆ ನಡೆದುದಕ್ಕೆಲ್ಲ ಕಾರಣವಾದದ್ದು ಈ ಒಂದು ಸಂಗತಿಯೇ.

ಲಂಡನ್ನಿನ ನೆಲದಡಿಯ ರೈಲುಗಳು ಜಗತ್ಪ್ರಸಿದ್ಧವಾದರೂ ಹ್ಯಾಕ್ನಿಯ ಜನರಿಗೆ ಅವುಗಳ ಪ್ರಯೋಜನವು ಬಹಳ ಕಡಮೆಯೆಂಬುದನ್ನು ವಾಚಕರು ಇಲ್ಲಿ ಅರಿತಿರಬೇಕು. ಈ ವಿಭಾಗದ ಅಂಚುಗಳನ್ನು ಮುಟ್ಟಿದ ಆ ಹಾದಿಗಳು ಒಳಗೆ ಬರಲೇ ಇಲ್ಲ. ಆದುದರಿಂದ ಕೆಲಸಕ್ಕೆ ಹೋಗುವವರು, ಆಸ್ಪತ್ರೆಗೆ ಹೋಗುವವರು, ಶಾಲೆಗೆ ಹೋಗುವ ಮಕ್ಕಳು ಎಲ್ಲರೂ ಬಸ್ಸನ್ನೇ ನೆಚ್ಚಿ ಬಾಳಬೇಕಾಗಿತ್ತು.

ದಕ್ಷಿಣದಲ್ಲಿ ಥೇಮ್ಸ್ ನದಿಯ ಕೆಳಗೆ ಒಂದು ಸುರಂಗವುಂಟು. ಮಾರ್ಕ್ ಬ್ರುನೆಲ್ ಎಂಬ ಶಿಲ್ಪಿಯು ೧೮೨೫ರಲ್ಲಿ ಕೆಲಸವನ್ನು ಆರಂಭಿಸಿ, ನೀರು ನುಗ್ಗಿ ಜನರು ಸತ್ತರೂ ಬಿಡದೆ, ೧೮೪೩ರಲ್ಲಿ ಅದನ್ನು ಪೂರೈಸಿದನು. ಹಡಗುಗಳು ಸಂಚರಿಸುವ ನದಿಯೊಂದರ ಕೆಳಗೆ ಲೋಕದಲ್ಲಿ ತೋಡಿದ ಮೊದಲನೆಯ ಸುರಂಗವೆಂದು ಅದಕ್ಕೆ ಖ್ಯಾತಿ. ಮೊದಲು ಕಾಲ್ನಡಿಗೆಯವರಿಗೆ ಮಾತ್ರ ಮೀಸಲಾಗಿದ್ದ ಅದರಲ್ಲಿ ೧೮೬೯ರಿಂದ ರೈಲು ಓಡತೊಡಗಿತು. ಈ ಸುರಂಗದ ಹಾದಿಯನ್ನು ೨೦೦೭ರ ಡಿಸೆಂಬರಿನಲ್ಲಿ ತಾತ್ಕಾಲಿಕವಾಗಿ ಮುಚ್ಚಿ, ಹೊಸ ಸೇತುವೆಯೊಂದರ ಮೂಲಕ ಡಾಲ್‌ಸ್ಟನ್ನಿನ ಹಳೆಯ ಕಮಾನುಗಳಿಗೆ ಸೇರಿಸಿದರು. ೨೦೧೦ನೆಯ ಇಸವಿ ಏಪ್ರಿಲ್ ೨೭ರಂದು ಡಾಲ್‌ಸ್ಟನ್ ಜಂಕ್ಷನ್ ಮತ್ತೆ ಬಾಗಿಲು ತೆರೆಯಿತು. ಮುಂದಿನ ತಿಂಗಳು ರೈಲುಗಳು ದಕ್ಷಿಣದ ಕ್ರಿಸ್ಟಲ್ ಪ್ಯಾಲೆಸ್ ಮತ್ತು ವೆಸ್ಟ್ ಕ್ರಾಯ್ಡನ್ನುಗಳಿಗೂ, ೨೦೧೧ರ ಫೆಬ್ರವರಿಯಲ್ಲಿ ಹೈಬರಿಗೂ ಮುಟ್ಟಿದವು. ೨೦೧೨ರ ಡಿಸೆಂಬರಿನಲ್ಲಿ ಕ್ಲಾಪಮ್ ಜಂಕ್ಷನ್ನಿನವರೆಗೆ ಹಾದಿಯು ಸೇರಿದಾಗ, ನಡುನಗರವನ್ನು ಹೊಗದೆಯೇ ಅದರ ಸುತ್ತಲೂ ರೈಲಿನಲ್ಲಿ ಪ್ರದಕ್ಷಿಣೆ ಮಾಡುವುದು ಸಾಧ್ಯವಾಯಿತು. ಹೀಗೆ ೧೮೪೩ರ ಸುರಂಗ, ೧೮೬೫ರ ಕಮಾನು, ನಮ್ಮ ಕಾಲದ ಸೇತುವೆ ಈ ಮೂರೂ ಕೂಡಿ ಒಂದು ದಾರಿಯಾಯಿತು.

ಇನ್ನು ಸ್ಥಳದ ವರ್ಣನೆ. ಬೀದಿಯ ಮಟ್ಟದಲ್ಲಿ ಗಾಜಿನ ಎತ್ತರವಾದ ಹಜಾರ. ಅಲ್ಲಿಂದ ಕೆಳಗಿಳಿದರೆ ನಾಲ್ಕು ಕಟ್ಟೆಗಳು. ವೃದ್ಧರಿಗೂ ಮಕ್ಕಳ ತಳ್ಳುಬಂಡಿಯ ತಾಯಂದಿರಿಗೂ ಎತ್ತುಯಂತ್ರವುಂಟು. ಹಗಲುಹೊತ್ತಿನಲ್ಲಿ ಗಂಟೆಗೆ ಸುಮಾರು ೧೬ ಗಾಡಿಗಳು ದಕ್ಷಿಣಕ್ಕೆ ಹೊರಡುವುದರಿಂದ, ವೇಳಾಪಟ್ಟಿಯನ್ನು ನೋಡುವ ಗೊಡವೆಯೇ ಇಲ್ಲ. ಗಾಡಿಯು ತಗ್ಗಿನಿಂದ ಮೇಲೇರಿ ಕಮಾನುಗಳ ಮೇಲೆ ಬಂದೊಡನೆ ಜನರ ಹಿತ್ತಿಲುಗಳೂ, ಒಣಹಾಕಿದ ಬಟ್ಟೆಗಳೂ, ಮಾಡುಗಳ ಮೇಲಿನ ಹೂಕುಂಡಗಳೂ ಕಣ್ಣಿಗೆ ಬೀಳುವುವು. ಎರಡನೆಯದಾದ ಹಾಕ್ಸ್‌ಟನ್ ನಿಲ್ದಾಣದ ಪಕ್ಕದಲ್ಲಿಯೇ ೧೭೧೪ರಲ್ಲಿ ಬಡ ವೃದ್ಧರಿಗಾಗಿ ಕಟ್ಟಿಸಿದ ಧರ್ಮಶಾಲೆಯ ಸಾಲುಮನೆಗಳಿವೆ. ಈಗ ಅವು ಗೃಹಜೀವನದ ಇತಿಹಾಸವನ್ನು ತೋರಿಸುವ ವಸ್ತುಸಂಗ್ರಹಾಲಯವಾಗಿವೆ.

ನಿಲ್ದಾಣವೊಂದರ ಯೋಗ್ಯತೆಯು ಅದರ ಬಾಗಿಲಿನ ಹೊರಗೆ ತಿಳಿಯುವುದೆಂದು ನನ್ನ ಅಭಿಪ್ರಾಯ. ಗಾಡಿಯಿಂದ ಇಳಿದವನು ಮನೆಯನ್ನು ಸೇರುವ ಬಗೆ ಹೇಗೆ? ಇಲ್ಲಿ ನಿಲ್ದಾಣದ ಮುಂದೆಯೇ ನಾಲ್ಕು ದಾರಿಗಳು ಕೂಡುವುವು. ಉತ್ತರ ದಕ್ಷಿಣವಾಗಿ ಹೋಗುವ ಕಿಂಗ್ಸ್‌ಲ್ಯಾಂಡ್ ರಸ್ತೆಯು ರೋಮನರ ಕಾಲದ ಹೆದ್ದಾರಿ. ಅದರಲ್ಲಿ ೧೪೯ನೆಯ ಸಂಖ್ಯೆಯ ಬಸ್ಸು ಎಡ್ಮಂಟನ್ನಿನಿಂದ ಲಂಡನ್ ಸೇತುವೆಗೂ, ೨೪೩ನೆಯದು ವುಡ್ ಗ್ರೀನಿನಿಂದ ವಾಟರ್ಲೂವಿಗೂ ಸಂಚರಿಸುವುವು. ಅಡ್ಡದಾರಿಯಲ್ಲಿ ೩೮ನೆಯದು ಕ್ಲಾಪ್ಟನ್ನಿನಿಂದ ವಿಕ್ಟೋರಿಯಾಕ್ಕೆ ಹೋಗುವುದು. ಪ್ರತಿಯೊಂದು ತಂಗುದಾಣದ ಕಂಬಕ್ಕೂ ಒಂದೊಂದು ಅಕ್ಷರವಿರುವುದರಿಂದ ಪರಸ್ಥಳದವನೂ ತಪ್ಪದೆ ತನ್ನ ಬಸ್ಸನ್ನು ಹಿಡಿಯಬಹುದು. ೨೦೧೪ರಿಂದ ಬಸ್ಸುಗಳಲ್ಲಿ ನಗದು ಹಣವನ್ನು ತೆಗೆದುಕೊಳ್ಳುವುದಿಲ್ಲ. ಆಯ್ಸ್ಟರ್ ಕಾರ್ಡನ್ನೋ ಬ್ಯಾಂಕಿನ ಕಾರ್ಡನ್ನೋ ಯಂತ್ರಕ್ಕೆ ಮುಟ್ಟಿಸಬೇಕು. ಒಮ್ಮೆ ಮುಟ್ಟಿಸಿದ ಮೇಲೆ ಒಂದು ಗಂಟೆಯೊಳಗೆ ಎಷ್ಟು ಬಸ್ಸುಗಳನ್ನು ಬದಲಾಯಿಸಿ ಹತ್ತಿದರೂ ಒಂದೇ ದರ. ಎರಡು ಬಸ್ಸು ಹಿಡಿಯಬೇಕಾದ ಬಡವನು ಎರಡು ಸಲ ದಂಡ ತೆರಬೇಕಾಗಿಲ್ಲವೆಂಬುದು ದೊಡ್ಡ ಉಪಕಾರ.

ಹಳೆಯ ಜಂಕ್ಷನ್ ಸಾಯುವ ಮುನ್ನವೇ ಹುಟ್ಟಿದ್ದ ಕಿಂಗ್ಸ್‌ಲ್ಯಾಂಡ್ ನಿಲ್ದಾಣವನ್ನೂ ಮುಚ್ಚಲಿಲ್ಲ. ಒಂದರಿಂದ ಇಳಿದು, ಬೀದಿಯಲ್ಲಿ ಕೆಲವು ನಿಮಿಷ ನಡೆದು, ಇನ್ನೊಂದರಲ್ಲಿ ಹತ್ತಿದರೆ, ಎರಡನ್ನೂ ಒಂದೇ ಪ್ರಯಾಣವೆಂದು ಲೆಕ್ಕಹಾಕುವರು. ೨೦೨೪ರ ನವೆಂಬರಿನಿಂದ ಈ ಹಾದಿಗಳಿಗೆ ಬೇರೆ ಬೇರೆ ಹೆಸರುಗಳನ್ನಿಟ್ಟಿದ್ದಾರೆ. ಕಿಂಗ್ಸ್‌ಲ್ಯಾಂಡಿನದು ಮೈಲ್ಡ್‌ಮೇ ಹಾದಿ. ಜಂಕ್ಷನ್ನಿನದು ವಿಂಡ್‌ರಷ್ ಹಾದಿ. ೧೯೪೮ರ ಜೂನಿನಲ್ಲಿ ವೆಸ್ಟ್ ಇಂಡೀಸಿನಿಂದ ಜನರನ್ನು ಹೊತ್ತು ಇಂಗ್ಲೆಂಡಿನ ಟಿಲ್ಬರಿ ರೇವಿಗೆ ಬಂದ ಹಡಗಿನ ಹೆಸರು ಅದು. ಆ ದ್ವೀಪಗಳಿಂದ ಬಂದವರು ಅನೇಕರು ಡಾಲ್‌ಸ್ಟನ್ನಿನಲ್ಲಿ ನೆಲಸಿದುದರಿಂದ ಹೆಸರು ಅನ್ವರ್ಥವಾಗಿಯೇ ಇದೆ.

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರದ ಒಂದು ಮಗ್ಗುಲನ್ನು ಮಾತ್ರ ತೋರಿಸಿದಂತಾಗುವುದು. ನಿಲ್ದಾಣದ ತಗ್ಗಿನ ಮೇಲೆ ಕಾಂಕ್ರೀಟಿನ ದೊಡ್ಡ ಹಾಸನ್ನು ಹಾಕಿ, ಅದರ ಮೇಲೂ ಪಕ್ಕದಲ್ಲಿಯೂ ಐನೂರಕ್ಕಿಂತ ಹೆಚ್ಚು ಮನೆಗಳುಳ್ಳ ಎತ್ತರದ ಕಟ್ಟಡಗಳನ್ನು ಎಬ್ಬಿಸಿದ್ದಾರೆ. ಆ ಸ್ಥಳದಲ್ಲಿ ೧೮೮೬ರಲ್ಲಿ ಸರ್ಕಸ್ಸಿಗಾಗಿ ಕಟ್ಟಿದ ಒಂದು ರಂಗಮಂದಿರವಿತ್ತು. ವೆಸ್ಟ್ ಇಂಡೀಸಿನ ಜನರು ಬೇರೆಡೆಗಳಲ್ಲಿ ಬಾಗಿಲು ಕಾಣದಿದ್ದ ಕಾಲದಲ್ಲಿ, ಅದರೊಳಗೆ ಫೋರ್ ಏಸಸ್ ಎಂಬ ಸಂಗೀತದ ಕೂಟವನ್ನು ನಡೆಸಿ, ತಮ್ಮ ಹಾಡನ್ನು ತಾವು ಕೇಳುತ್ತಿದ್ದರು. ಊರವರು ಬೇಡವೆಂದು ಹೋರಾಡಿದರೂ ೨೦೦೭ರಲ್ಲಿ ಅದನ್ನು ಕೆಡವಿದರು. ಕೂಟವನ್ನು ಸ್ಥಾಪಿಸಿದ ನ್ಯೂಟನ್ ಡನ್‌ಬಾರ್ ಎಂಬವರ ಮನೆತನದ ಹೆಸರೇ ಈಗ ಅಲ್ಲಿಯ ಒಂದು ಗೋಪುರದ ಮೇಲಿದೆ. ಮಂದಿರವನ್ನು ಉರುಳಿಸಿ ಹೆಸರನ್ನು ಉಳಿಸುವುದು ಯಾವ ಬಗೆಯ ಜೀರ್ಣೋದ್ಧಾರವೋ ನಾನರಿಯೆ.

ಕಿಂಗ್ಸ್‌ಲ್ಯಾಂಡ್ ನಿಲ್ದಾಣದ ಎದುರಿಗೆ ರಿಡ್ಲಿ ರಸ್ತೆಯ ಸಂತೆ ನೆರೆಯುವುದು. ೧೮೮೦ರ ದಶಕದಿಂದಲೂ ನಡೆದುಬಂದ ಸಂತೆಯಿದು. ಬೆಂಡೆಕಾಯಿ, ಬಾಳೆಕಾಯಿ, ಗೆಣಸು, ಮೆಣಸಿನಕಾಯಿ, ಮಾವು ಎಲ್ಲವೂ ರಾಶಿರಾಶಿಯಾಗಿ ದೊರೆಯುವುದರಿಂದ ನಮ್ಮ ಮನೆಯ ಅಡಿಗೆಗೆ ಯಾವ ಕೊರತೆಯೂ ಆಗಲಿಲ್ಲ. ಅಲ್ಲಿ ಬೆಂಡೆಕಾಯಿಯ ತುದಿಯನ್ನು ಮುರಿದು ಎಳಸೋ ಬಲಿತದ್ದೋ ಎಂದು ನೋಡುತ್ತಿದ್ದ ಜಮೈಕಾದ ಒಬ್ಬ ಮುದುಕಿಯ ಪರಿಚಯವಾಯಿತು. ನಮ್ಮ ತಾಯಂದಿರೂ ಹೀಗೆಯೇ ಮುರಿದು ನೋಡುವರೆಂದು ನಾನು ಹೇಳಲು, ಆಕೆ ನಕ್ಕು ಮಾತಿಗೆ ತೊಡಗಿದಳು. ಆಕೆಯ ಮಗನು ಡಾಲ್‌ಸ್ಟನ್ನಿನಲ್ಲಿಯೇ ಹುಟ್ಟಿ ಬೆಳೆದವನು. ರೈಲು ಬಂದ ಮೇಲೆ ಬಾಡಿಗೆಯು ಏರಿತು. ಹೆಂಡತಿಮಕ್ಕಳೊಡನೆ ಅವನು ಕ್ರಾಯ್ಡನ್ನಿಗೆ ಹೊರಟುಹೋದನು. “ಅವನನ್ನು ಕರೆದುಕೊಂಡು ಹೋದದ್ದು ಈ ರೈಲೇ, ಭಾನುವಾರ ಊಟಕ್ಕೆ ಕರೆತರುವುದೂ ಈ ರೈಲೇ. ಬಯ್ಯಲೋ ಹರಸಲೋ ನೀವೇ ಹೇಳಿ” ಎಂದಳು. ವೆಸ್ಟ್ ಕ್ರಾಯ್ಡನ್ನಿನಿಂದ ಡಾಲ್‌ಸ್ಟನ್ನಿಗೆ ಗಾಡಿ ಬದಲಾಯಿಸದೆ ಸುಮಾರು ಮುಕ್ಕಾಲು ಗಂಟೆಯ ಪ್ರಯಾಣ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಆಕೆಯ ಪ್ರಶ್ನೆಗೆ ಉತ್ತರ ತೋಚಲಿಲ್ಲ.

ಹೊಸತಾದುದೆಲ್ಲವೂ ಕೆಡುಕೆಂದು ಹೇಳುವಂತಿಲ್ಲ. ಆ ಎತ್ತರದ ಕಟ್ಟಡಗಳ ಬುಡದಲ್ಲಿಯೇ ೨೦೧೨ರಲ್ಲಿ ತೆರೆದ ಸಾರ್ವಜನಿಕ ಪುಸ್ತಕಾಲಯವಿದೆ. ಅದಕ್ಕೆ ಟ್ರಿನಿಡಾಡಿನ ಲೇಖಕ ಸಿ. ಎಲ್. ಆರ್. ಜೇಮ್ಸ್ ಅವರ ಹೆಸರು. ಚರಿತ್ರಕಾರರಾದ ಇವರು ಕ್ರಿಕೆಟ್ಟಿನ ಆಟವನ್ನು ಕುರಿತು ೧೯೬೩ರಲ್ಲಿ ಬರೆದ ಗ್ರಂಥವು ಬಹು ಪ್ರಸಿದ್ಧವಾಗಿದೆ. ಹೊಸ ಕಟ್ಟಡಕ್ಕೆ ಬರುವಾಗ ಈ ಹೆಸರನ್ನು ಬಿಡುವ ಯೋಚನೆ ನಡೆದಿತ್ತು. ಜನರು ಆಕ್ಷೇಪಿಸಿದ್ದರಿಂದ ಉಳಿಯಿತು. ಸಮೀಪದಲ್ಲಿಯೇ, ಹಿಂದೆ ಜಂಕ್ಷನ್ನಿನಿಂದ ಪೂರ್ವಕ್ಕೆ ಬಾಗಿಹೋಗುತ್ತಿದ್ದ ಹಳಿಯ ಜಾಗದಲ್ಲಿ, ೨೦೧೦ರಿಂದ ಒಂದು ತೋಟವಿದೆ. ಊರಿನವರೇ ಗಿಡ ನೆಟ್ಟು ನೀರೆರೆಯುವರು; ಯಾರೂ ಹಣ ಕೊಡದೆ ಒಳಗೆ ಹೋಗಿ ಕುಳಿತುಕೊಳ್ಳಬಹುದು. ಒಂದೇ ನಿಲ್ದಾಣದ ಒಂದು ಹಾದಿಯು ಮತ್ತೆ ರೈಲನ್ನು ಹೊತ್ತಿತು. ಇನ್ನೊಂದು ಹಾದಿಯು ಮರಗಳನ್ನು ಹೊತ್ತಿತು. ಎರಡೂ ಸಾರ್ಥಕವೇ.

ನಮ್ಮ ಬೆಂಗಳೂರಿನಲ್ಲಿಯೂ ಉಪನಗರ ರೈಲಿನ ಯೋಜನೆಗೆ ೨೦೨೨ರ ಜೂನಿನಲ್ಲಿ ಅಸ್ತಿಭಾರವನ್ನು ಹಾಕಿದ್ದಾರೆ. ನಾಲ್ಕು ಹಾದಿಗಳು, ಒಟ್ಟು ೧೪೮ ಕಿಲೋಮೀಟರು. ಅಂಥ ಕಾರ್ಯವನ್ನು ಕೈಗೊಂಡವರಿಗೂ, ಅದಕ್ಕಾಗಿ ಕಾಯುವ ಗೃಹಸ್ಥರಿಗೂ ಡಾಲ್‌ಸ್ಟನ್ನಿನಿಂದ ಎರಡು ಪಾಠಗಳು ದೊರೆಯುವುವು. ಉಪಯೋಗವಿಲ್ಲವೆಂದು ಇಂದು ತೋರುವ ಹಾದಿಯನ್ನು ಅವಸರದಿಂದ ಕೆಡವಬಾರದು, ಮಾರಬಾರದು; ಬ್ರಾಡ್ ಸ್ಟ್ರೀಟನ್ನು ಮತ್ತೆ ಯಾರೂ ತರಲಾರರು, ಕಮಾನುಗಳಿದ್ದುದರಿಂದ ಡಾಲ್‌ಸ್ಟನ್ ಮರಳಿ ಬಂದಿತು. ಎರಡನೆಯದಾಗಿ, ಹಾದಿಯು ಬರುವ ಮುನ್ನವೇ ಅದರ ಇಕ್ಕೆಲಗಳಲ್ಲಿ ಈಗ ಬಾಳುತ್ತಿರುವವರು ಬಂದ ಮೇಲೂ ಅಲ್ಲಿಯೇ ಬಾಳುವಂತೆ ಏರ್ಪಾಡು ಮಾಡಬೇಕು. ದೇವಾಲಯವನ್ನು ಎತ್ತಿ ನಿಲ್ಲಿಸುವಾಗ ಅದರ ಸುತ್ತಣ ಕೇರಿಯನ್ನು ಖಾಲಿಮಾಡಿಸಿದರೆ, ಗಂಟೆಯ ನಾದವನ್ನು ಕೇಳಿ ಬರುವವರು ಯಾರು?