ಅಮ್ಮನ ಹಳೆಯ ಜ್ವರ

ಡಿಸೆಂಬರ್ ಬಂತೆಂದರೆ ಖರಾಡಿಯ ನಮ್ಮ ಮನೆಯಲ್ಲಿ ಅದೇ ಚರ್ಚೆ. ಅಡಿಕೆ ಕೊಯ್ಲಿಗೆಂದು ಅಮ್ಮ ಸೊರಬದ ಕಡೆ ಹೊರಡುತ್ತಾಳೆ. ಕಳೆದ ಸಲ ಹನ್ನೊಂದು ವರ್ಷದ ಮೊಮ್ಮಗನನ್ನೂ ಕರೆದೊಯ್ದು ಬೆಟ್ಟ ಸುತ್ತಿಸುವ ಆಸೆ ಅವಳಿಗೆ. ನಾವು ಬೇಡವೆಂದೆವು. "ನಂಗೆ ಎಂಟು ವರ್ಷಕ್ಕೇ ಬಂದು ಹೋಗಿದ್ದು ಮಾರಾಯ, ಉಣುಗು ಇನ್ನೇನು ಮಾಡತ್ತೆ?" ಎಂದಳು.

ಬಂದು ಹೋದದ್ದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಊರುಗಳಲ್ಲಿ ಜನ ಜ್ವರದಿಂದ ಮಲಗಿದರು. ಆ ವೈರಸ್ಸನ್ನು ಗುರುತಿಸಿದ್ದು 1952ರಲ್ಲಿ ಇದೇ ಪುಣೆಯಲ್ಲಿ ಆರಂಭವಾದ ವೈರಸ್ ಸಂಶೋಧನಾ ಕೇಂದ್ರ, ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ. ಕಚೇರಿಯ ದಾರಿಯಲ್ಲಿ ಅದರ ಫಲಕವನ್ನು ನಿತ್ಯ ನೋಡುವ ನಮಗೆ ಈ ನಂಟು ತಿಳಿಯಲು ಬಹಳ ವರ್ಷ ಬೇಕಾಯಿತು. ಅಮ್ಮನ ರಕ್ತವನ್ನಂತೂ ಯಾರೂ ಪರೀಕ್ಷಿಸಿರಲಿಲ್ಲ. ಊರವರೇ ಹೆಸರಿಟ್ಟ ಜ್ವರವದು.

ಇಂಗ್ಲಿಷ್ ಸಾಹಿತ್ಯ ಓದಿದ ನಮಗೆ ಜೀವಶಾಸ್ತ್ರ ದೂರ. ಆದರೂ ಓದಿದೆವು. ವೈರಸ್ ಹೊಕ್ಕ ಜೀವಕೋಶ ಇಂಟರ್‌ಫೆರಾನ್ ಸ್ರವಿಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. ದಿನಗಳು ಕಳೆದ ಮೇಲೆ ಟಿ ಕೋಶಗಳು ಸೋಂಕು ತಗುಲಿದ ಕೋಶಗಳನ್ನು ಕೊಲ್ಲುತ್ತವೆ. ಬಿ ಕೋಶಗಳ ಸಂತತಿ ಪ್ರತಿಕಾಯಗಳನ್ನು ತಯಾರಿಸುತ್ತದೆ. ಗೆದ್ದ ಬಳಿಕ ಆ ದಂಡಿನ ಬಹುಪಾಲು ಸಾಯುತ್ತದೆ. ಅಸ್ಥಿಮಜ್ಜೆಯಲ್ಲಿ, ದುಗ್ಧಗ್ರಂಥಿಗಳಲ್ಲಿ ಕೆಲವು ಉಳಿದು, ಅದೇ ವೈರಸ್ ಮರಳಿದರೆ ಬೇಗನೆ ಎದುರಿಸುತ್ತವೆ. 1846ರಲ್ಲಿ ಫೇರೋ ದ್ವೀಪಗಳಿಗೆ ದಡಾರ ಬಂದಾಗ, 1781ರ ದಡಾರವನ್ನು ಕಂಡಿದ್ದ ವೃದ್ಧರಿಗೆ ಅದು ತಗುಲಲಿಲ್ಲವೆಂದು ಪಾನುಮ್ ಎಂಬ ಡೆನ್ಮಾರ್ಕಿನ ವೈದ್ಯ ಬರೆದಿಟ್ಟಿದ್ದಾನೆ. 65 ವರ್ಷಗಳ ನೆನಪು! ಅಮ್ಮನ ವಾದವನ್ನು ತಳ್ಳಿಹಾಕುವಂತಿರಲಿಲ್ಲ.

ಆದರೆ ಈ ನೆನಪು ತೋಟ-ಗದ್ದೆಯಂತೆ ಮಕ್ಕಳಿಗೆ ಬರುವುದಿಲ್ಲ. ತಾಯಿಯ ಪ್ರತಿಕಾಯಗಳು ಹಸುಗೂಸನ್ನು ಕೆಲವು ತಿಂಗಳು ಕಾಯುತ್ತವೆ, ಅಷ್ಟೇ. ಮಂಗನ ಕಾಯಿಲೆಯ ಲಸಿಕೆಯನ್ನು ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಿತ್ತು. ನೋವಿಗೆ ಹೆದರಿ ಎರಡನೆಯದಕ್ಕೇ ತಪ್ಪಿಸಿಕೊಂಡವರಲ್ಲಿ ನಾವೂ ಇದ್ದೆವು. ಪರಿಣಾಮ ಸಾಲದೆಂದು 2022ರಲ್ಲಿ ಅದೂ ನಿಂತಿತು. 2019ರ ಆರಂಭದಲ್ಲಿ ಸಾಗರ ತಾಲೂಕಿನ ಅರಳಗೋಡಿನಿಂದ ಬಂದ ಸಾವಿನ ಸುದ್ದಿಗಳನ್ನು ನಾವಿನ್ನೂ ಮರೆತಿಲ್ಲ.

ಇಷ್ಟನ್ನೂ ಹೇಳಿದಾಗ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಆ ಬೇಸಿಗೆಯಲ್ಲಿ ಪಕ್ಕದ ಚಾಪೆಯಲ್ಲಿ ಮಲಗಿದ್ದ ತನ್ನ ತಮ್ಮ ಏಳಲೇ ಇಲ್ಲವೆಂದಳು. ನಮಗೆ ಅಂಥ ಮಾವನೊಬ್ಬನಿದ್ದನೆಂಬುದೇ ಗೊತ್ತಿರಲಿಲ್ಲ.

ಜನವರಿಯಲ್ಲಿ ಒಬ್ಬಳೇ ಹೊರಟಳು. ತೋಟಕ್ಕಿಳಿಯುವ ಮುನ್ನ ಡೇಪಾ ತೈಲ ಹಚ್ಚಿಕೊಳ್ಳುವುದಾಗಿ ಒಪ್ಪಿದಳು. ಬಸ್ಸಿನ ಕಿಟಕಿಯಿಂದ ಮೊಮ್ಮಗನಿಗೆ, "ಮಳೆ ಹಿಡಿದ ಮೇಲೆ ಬಾ, ಆಗ ಉಣುಗಿನ ಕಾಟ ಕಡಿಮೆ" ಎಂದಳು.