ಮನೆಮಾತು ಯಾವುದು?

ಮುಂಡರಗಿಯ ಹುಡುಗಿ ಧಾರವಾಡದಲ್ಲಿ ಎಂ.ಎ. ಓದುವಾಗ ಸಿದ್ದಿ ಜನಾಂಗದ ಬಗ್ಗೆ ಪುಟಗಟ್ಟಲೆ ಬರೆದಳು. ಪೂರ್ವ ಆಫ್ರಿಕದಿಂದ ಅರಬರು, ಪೋರ್ಚುಗೀಸರು ಗುಲಾಮರನ್ನಾಗಿ ತಂದದ್ದು, 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದು ಎಲ್ಲವೂ ಸರಿ. ಪ್ರಶ್ನೆ ಕೇಳಿದ್ದೂ ಅಷ್ಟನ್ನೇ.

ಮೌಖಿಕ ಪರೀಕ್ಷೆಯಲ್ಲಿ, "ಅವರ ಮನೆಮಾತು ಯಾವುದವ್ವಾ?" ಎಂದರು ಪರೀಕ್ಷಕರು.

"ಆಫ್ರಿಕದ ಭಾಷೆ, ಸರ್."

ಅವರು ಬೈಯಲಿಲ್ಲ. "ಯಲ್ಲಾಪುರಕ್ಕೆ ಹೋಗಿ ಬಾ" ಎಂದರಷ್ಟೆ.

ಹೋದಳು. ಮನೆಯೊಳಗೆ ಕೊಂಕಣಿ, ಆಕೆಯೊಡನೆ ಕನ್ನಡ. ಒಂದೇ ಜನಾಂಗದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮನೆಗಳು. ಒಬ್ಬ ಅಜ್ಜಿ ನಕ್ಕು, "ಆಫ್ರಿಕಾ ನೀ ನೋಡಿದ್ಯಾ ತಂಗೀ? ನಾ ನೋಡ್ಲಿಲ್ಲ" ಎಂದಳು.

ಊರಿಗೆ ಬಂದಾಗ ಅಪ್ಪ ಕೇಳಿದ್ದು (ಅಪ್ಪಂದಿರು ಹೀಗೇ), "ಮಾರ್ಕ್ಸ್ ಎಷ್ಟ್ ಬಿದ್ದಾವವ್ವಾ?"

ಆಕೆ ಅಜ್ಜಿಯ ಮಾತು ಹೇಳತೊಡಗಿದಳು.